ಸೈಕಲ್ ಜೊತೆ ಒಯ್ಯುವ ಪಂಪ್: ಡಬ್ಬಿ ಮೇಲಿನ ನಂಬರ್ ಬಿಡಿ, ಟಯರ್ ನೋಡಿ

ಸೈಕಲ್ ಜೊತೆ ಒಯ್ಯುವ ಸಣ್ಣ ಪಂಪ್ ಕೊಳ್ಳಲು ಹೊರಟರೆ ಡಬ್ಬಿ ಮೇಲೆ ಮೊದಲು ಕಣ್ಣಿಗೆ ಬೀಳುವುದು ಒಂದು ದೊಡ್ಡ ನಂಬರ್. 100 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), 120 ಪಿಎಸ್‌ಐ, ಕೆಲವದರ ಮೇಲೆ 160. ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನಿಸುತ್ತದೆ, ಅಲ್ವಾ? ಒಳಗಿನ ರಬ್ಬರ್ ರಿಂಗು, ಜೋಡಣೆ ಎಲ್ಲ ಅಷ್ಟು ಒತ್ತಡ ತಡೆದುಕೊಳ್ಳುತ್ತವೆ ಅನ್ನುವುದಷ್ಟೇ ಆ ನಂಬರಿನ ಅರ್ಥ. ಅಷ್ಟರವರೆಗೆ ನಿಮ್ಮ ಕೈಯಲ್ಲಿ ಒತ್ತಲು ಆಗುತ್ತದೋ ಇಲ್ಲವೋ, ಆದರೂ ಎಷ್ಟು ಸಲ ಒತ್ತಬೇಕು, ಇದನ್ನು ಡಬ್ಬಿ ಹೇಳುವುದಿಲ್ಲ. ರಸ್ತೆ ಬದಿಯಲ್ಲಿ ಬಿಸಿಲಲ್ಲಿ ಕೂತಾಗ ಬೇಕಾಗುವುದು ಇವೆರಡೇ.

ಇದಕ್ಕೆ ಸ್ವಲ್ಪ ಲೆಕ್ಕ ಬೇಕು. ಕಷ್ಟದ್ದೇನಲ್ಲ, ಒಮ್ಮೆ ಗೊತ್ತಾದರೆ ಯಾವ ಪಂಪ್ ಕೈಗೆತ್ತಿಕೊಂಡರೂ ಅದು ನಿಮ್ಮ ಸೈಕಲ್ಲಿಗೆ ಆಗುತ್ತದೋ ಇಲ್ಲವೋ ಹೇಳಿಬಿಡಬಹುದು.

ಮೊದಲು ಟಯರ್

ಟಯರಿನ ಬಗ್ಗೆ ಎರಡು ವಿಷಯ ಗೊತ್ತಿರಬೇಕು: ಒಳಗೆ ಎಷ್ಟು ಜಾಗ ಇದೆ, ಎಷ್ಟು ಒತ್ತಡ ಬೇಕು. ರೋಡ್ ಸೈಕಲ್ಲಿನ 700×25 ಟಯರಿನ (ಅಗಲ 25 ಮಿ.ಮೀ.) ಒಳಗೆ ಹೆಚ್ಚುಕಮ್ಮಿ 1 ಲೀಟರ್ ಜಾಗ ಇರುತ್ತದೆ. ಓಡಾಟದ ಸೈಕಲ್ಲಿನ 38 ಮಿ.ಮೀ. ಅಗಲದ ಟಯರಿನಲ್ಲಿ ಎರಡೂವರೆ ಲೀಟರ್ ಹತ್ತಿರ. 29 ಇಂಚಿನ ಮೌಂಟನ್ ಬೈಕಿನ 2.2 ಇಂಚು ಅಗಲದ ಟಯರಿನಲ್ಲಿ ಸುಮಾರು 5 ಲೀಟರ್. ಟಯರ್ ನೋಡಲು ಎರಡರಷ್ಟು ದಪ್ಪ ಕಾಣುತ್ತದೆ, ಒಳಗಿನ ಜಾಗ ಮಾತ್ರ ಐದರಷ್ಟು.

ಒತ್ತಡ ಇದಕ್ಕೆ ತಿರುಗಾಮುರುಗಾ. ರೋಡ್ ಟಯರಿಗೆ 80-90 ಪಿಎಸ್‌ಐ, ಅಂದರೆ 6 ಬಾರ್ ಹತ್ತಿರ. ಮೌಂಟನ್ ಬೈಕಿಗೆ 2 ಬಾರ್ ಇದ್ದರೆ ಸಾಕು, ಎಷ್ಟೋ ಜನ ಅದಕ್ಕಿಂತ ಕಮ್ಮಿಯಲ್ಲೇ ಓಡಿಸುತ್ತಾರೆ. 1 ಬಾರ್ ಅಂದರೆ 14.5 ಪಿಎಸ್‌ಐ. ನಮ್ಮ ಸುತ್ತಲಿನ ಗಾಳಿಯ ಒತ್ತಡವೂ ಸಮುದ್ರ ಮಟ್ಟದಲ್ಲಿ ಸುಮಾರು ಅಷ್ಟೇ ಇರುವುದರಿಂದ ಬಾರ್‌ನಲ್ಲಿ ಲೆಕ್ಕ ಹಾಕುವುದು ಸುಲಭ.

1 ಲೀಟರಿನ ಟಯರಿನಲ್ಲಿ 6 ಬಾರ್ ಬೇಕೆಂದರೆ ಹೊರಗಿನ 6 ಲೀಟರ್ ಗಾಳಿಯನ್ನು ಒಳಗೆ ತುರುಕಬೇಕು. 5 ಲೀಟರಿನ ಟಯರಿನಲ್ಲಿ 2 ಬಾರ್ ಬೇಕೆಂದರೆ 10 ಲೀಟರ್. ಮೆತ್ತಗಿನ ಟಯರಿಗೇ ಜಾಸ್ತಿ ಗಾಳಿ ಬೇಕು! ರೋಡ್ ಸೈಕಲ್ಲಿಗೆ ಗಟ್ಟಿಯಾಗಿ ಒತ್ತುವ ಪಂಪ್, ಮೌಂಟನ್ ಬೈಕಿಗೆ ಒಂದೊಂದು ಸಲಕ್ಕೂ ತುಂಬ ಗಾಳಿ ತಳ್ಳುವ ಪಂಪ್ ಅಂತ ಬೇರೆ ಬೇರೆ ಮಾಡುವುದು ಇದಕ್ಕೇ. ಪಂಪಿನ ಹೆಸರಿನಲ್ಲಿ ಹೈ ಪ್ರೆಶರ್, ಹೈ ವಾಲ್ಯೂಮ್ ಅಂತ ಇರುವುದೂ ಅದೇ.

ಕೊಳವೆಯ ಅಗಲ, ಕೊಳವೆಯ ಉದ್ದ

ಈಗ ಪಂಪಿನ ಒಳಗೆ ಹೋಗೋಣ. ಪಿಸ್ಟನ್ ಓಡಾಡುವ ಕೊಳವೆಯ ಒಳ ಅಗಲ 20 ಮಿ.ಮೀ., ಪಿಸ್ಟನ್ ಸರಿಯುವ ದೂರ 15 ಸೆಂ.ಮೀ. ಅಂತ ಇಟ್ಟುಕೊಳ್ಳಿ. ಒಂದು ಹೊಡೆತಕ್ಕೆ 47 ಸಿಸಿ ಗಾಳಿ ಹೋಗುತ್ತದೆ. ರೋಡ್ ಟಯರಿಗೆ 6 ಲೀಟರ್ ಬೇಕಲ್ಲ, ಸುಮಾರು 130 ಹೊಡೆತ. ಮೌಂಟನ್ ಬೈಕಿಗೆ 210 ದಾಟುತ್ತದೆ. ಇದು ಬರೀ ಕಾಗದದ ಲೆಕ್ಕ. ನಿಜವಾಗಿ ಒತ್ತುವಾಗ ಪ್ರತಿ ಸಲವೂ ಒಂದಿಷ್ಟು ಗಾಳಿ ಕೊಳವೆಯಲ್ಲೇ ಉಳಿಯುತ್ತದೆ, ಒಂದಿಷ್ಟು ಸೋರುತ್ತದೆ, ಹಾಗಾಗಿ ಎಣಿಕೆ ಇದಕ್ಕಿಂತ ಜಾಸ್ತಿಯೇ ಆಗುತ್ತದೆ.

ಹಾಗಾದರೆ ಕೊಳವೆಯನ್ನು 30 ಮಿ.ಮೀ. ಮಾಡಿದರೆ? ಒಂದು ಹೊಡೆತಕ್ಕೆ 106 ಸಿಸಿ. ಮೌಂಟನ್ ಬೈಕಿಗೆ ನೂರರೊಳಗೆ ಮುಗಿಯಿತು, ರೋಡ್ ಟಯರಿಗೆ ಅರವತ್ತರೊಳಗೆ. ಕೇಳಲು ಚೆನ್ನಾಗಿದೆ. ತೊಂದರೆ ಬರುವುದು ಒತ್ತುವ ಬಲದಲ್ಲಿ. ಪಿಸ್ಟನ್ ಅಗಲವಾದರೆ ಒಳಗಿನ ಗಾಳಿ ಅದನ್ನು ಹಿಂದಕ್ಕೆ ತಳ್ಳುವ ಜಾಗವೂ ಅಗಲವಾಗುತ್ತದೆ. 20 ಮಿ.ಮೀ. ಪಿಸ್ಟನ್‌ನಲ್ಲಿ 6 ಬಾರ್ ತಲುಪಲು 19 ಕೆಜಿಯಷ್ಟು ಬಲ ಹಾಕಬೇಕು. 30 ಮಿ.ಮೀ. ಆದರೆ 43 ಕೆಜಿ. ಒಂದು ಕೈಯಲ್ಲಿ ಪಂಪ್ ಹಿಡಿದು ಇನ್ನೊಂದು ಕೈಯಲ್ಲಿ 43 ಕೆಜಿ ಒತ್ತುವವರು ತುಂಬ ಜನ ಇಲ್ಲ, ಅದೂ ಮತ್ತೆ ಮತ್ತೆ. ಅದೇ ಅಗಲದ ಪಂಪ್ 2 ಬಾರ್‌ಗೆ ಕೇಳುವುದು 14 ಕೆಜಿ ಮಾತ್ರ, ಮೌಂಟನ್ ಬೈಕಿನವರಿಗೆ ಅದು ಆರಾಮ.

ಇಷ್ಟಕ್ಕೇ ಬಿಟ್ಟರೆ ಅಗಲ ಬೇಕೋ ಕಿರಿದು ಬೇಕೋ ಅನ್ನುವ ಜಗ್ಗಾಟ ಮುಗಿಯುವುದಿಲ್ಲ. ಇದರಿಂದ ಹೊರಬರುವ ದಾರಿ ಒಂದೇ: ಉದ್ದ. 20 ಮಿ.ಮೀ. ಕೊಳವೆಯನ್ನೇ ಇಟ್ಟುಕೊಂಡು ಪಿಸ್ಟನ್ 40 ಸೆಂ.ಮೀ. ಸರಿಯುವಂತೆ ಮಾಡಿದರೆ ಒಂದು ಹೊಡೆತಕ್ಕೆ 126 ಸಿಸಿ ಸಿಗುತ್ತದೆ, ಬಲ ಮಾತ್ರ ಅದೇ 19 ಕೆಜಿ. ಹಳೆಯ ಸೈಕಲ್ಲುಗಳಲ್ಲಿ ಫ್ರೇಮಿನ ಕಂಬಿಗೆ ಸಿಕ್ಕಿಸುತ್ತಿದ್ದ ಉದ್ದನೆಯ ಪಂಪ್ ಇತ್ತಲ್ಲ, ಅದು ಮಾಡುತ್ತಿದ್ದುದು ಇದನ್ನೇ. ನೋಡಲು ಓಬೀರಾಯನ ಕಾಲದ್ದು, ಆದರೆ ಈಗಿನ ಎಷ್ಟೋ ಅಂಗೈಯಷ್ಟು ಪಂಪುಗಳಿಗಿಂತ ಸಲೀಸಾಗಿ ಕೆಲಸ ಮಾಡುತ್ತದೆ.

ಹಾಗಾಗಿ ನಾನು ಯಾರು ಕೇಳಿದರೂ ಹೇಳುವುದು ಇದು: ಅಗಲವನ್ನು ಟಯರ್ ನೋಡಿ ಆರಿಸಿ, ಉದ್ದವನ್ನು ಮಾತ್ರ ನಿಮ್ಮ ಚೀಲದಲ್ಲೋ ಫ್ರೇಮಿನಲ್ಲೋ ಹಿಡಿಸುವಷ್ಟು ಜಾಸ್ತಿ ತಗೊಳ್ಳಿ. ಜೇಬಿಗೆ ಹೋಗುವ ಪುಟಾಣಿ ಪಂಪ್ ಅಂಗಡಿಯಲ್ಲಿ ಮುದ್ದಾಗಿ ಕಾಣುತ್ತದೆ, ಸಂಜೆ ಕತ್ತಲಾಗುವಾಗ ಇನ್ನೂರನೇ ಹೊಡೆತದಲ್ಲಿ ಅಷ್ಟು ಮುದ್ದಾಗಿ ಕಾಣುವುದಿಲ್ಲ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಇದನ್ನು ವಿವರಿಸುವವರು ಕಮ್ಮಿ. ಸೂಜಿಯಿಲ್ಲದ ಸಿರಿಂಜಿನ ತುದಿಗೆ ಬೆರಳಿಟ್ಟು ಒತ್ತಿ ನೋಡಿ, ಮೊದಲು ಹಗುರ, ಕೊನೆಗೆ ಗಟ್ಟಿ. ಪಂಪಿನಲ್ಲೂ ಹಾಗೇ. ಒತ್ತಡ ಎರಡರಷ್ಟಾದರೆ ಗಾಳಿಯ ಗಾತ್ರ ಅರ್ಧ ಆಗುತ್ತದೆ ಅಂತ ರಾಬರ್ಟ್ ಬಾಯ್ಲ್ 1662ರಲ್ಲಿ ಬರೆದಿಟ್ಟ ನಿಯಮ ಇದು. ಟಯರಿನ ಗೇಜ್ 6 ಬಾರ್ ತೋರಿಸುತ್ತಿದ್ದರೆ ಹೊರಗಿನ ಗಾಳಿಯದ್ದೂ ಸೇರಿ ಒಳಗೆ ಇರುವುದು 7. ಅಂದರೆ ಕೊಳವೆಯ ಗಾಳಿ ಏಳನೇ ಒಂದು ಭಾಗಕ್ಕೆ ಕುಗ್ಗುವವರೆಗೆ ಒಂದು ಚೂರೂ ಟಯರಿಗೆ ಹೋಗುವುದಿಲ್ಲ. 15 ಸೆಂ.ಮೀ. ಹೊಡೆತದಲ್ಲಿ ನಿಜವಾಗಿ ಕೆಲಸ ಆಗುವುದು ಕೊನೆಯ 2 ಸೆಂ.ಮೀ.ನಲ್ಲಿ! ಸುಸ್ತಾಯಿತು ಅಂತ ಅರ್ಧಕ್ಕೆ ಒತ್ತಿ ಬಿಟ್ಟರೆ ಬೆವರು ಹರಿಯುತ್ತದೆಯೇ ಹೊರತು ಟಯರಿಗೆ ಏನೂ ಹೋಗುವುದಿಲ್ಲ. ನಿಧಾನವಾಗಿ ಆದರೂ ಸರಿ, ಪೂರ್ತಿ ಕೊನೆವರೆಗೆ ಒತ್ತಬೇಕು.

ಕಳಪೆ ಪಂಪ್ 60-70 ಪಿಎಸ್‌ಐ ಹತ್ತಿರ ನಿಂತುಬಿಡುವುದಕ್ಕೂ ಇದೇ ಕಾರಣ. ಪಿಸ್ಟನ್ ಪೂರ್ತಿ ಕೆಳಗೆ ಬಂದ ಮೇಲೂ ಅದರ ಮುಂದೆ, ವಾಲ್ವಿನ ತನಕ, ಖಾಲಿ ಜಾಗ ಉಳಿದಿರುತ್ತದೆ. ಅದು ಕೊಳವೆಯ 3 ಸೆಂ.ಮೀ.ನಷ್ಟು ಇದೆ ಅಂದುಕೊಳ್ಳಿ. ಆಗ 18 ಸೆಂ.ಮೀ. ಗಾಳಿ 3 ಸೆಂ.ಮೀ.ಗೆ ಕುಗ್ಗುತ್ತದೆ, ಆರರಷ್ಟು, ಗೇಜಿನಲ್ಲಿ 5 ಬಾರ್. ಅದರಾಚೆಗೆ ನೀವು ಪೈಲ್ವಾನರಾಗಿದ್ದರೂ ಆ ಪಂಪ್ ಹೋಗುವುದಿಲ್ಲ, ಗಾಳಿ ಒಳಗೇ ಹಿಂದೆ ಮುಂದೆ ಆಡುತ್ತಿರುತ್ತದೆ. ಒಳ್ಳೆಯ ಪಂಪಿನಲ್ಲಿ ಗಾಳಿ ಹಿಂದಕ್ಕೆ ಬರದಂತೆ ತಡೆಯುವ ಸಣ್ಣ ವಾಲ್ವನ್ನು ಪಿಸ್ಟನ್ನಿಗೆ ಆದಷ್ಟು ಹತ್ತಿರ ಇಟ್ಟಿರುತ್ತಾರೆ. ಇದನ್ನು ಹೊರಗಿನಿಂದ ನೋಡಿ ಹೇಳಲು ಬರುವುದಿಲ್ಲ. ಕೈಯಲ್ಲಿ ಒತ್ತಿಯೇ ನೋಡಬೇಕು.

ಒಳಗೊಳಗೇ ಜಾರುವ ಎರಡು ಕೊಳವೆಗಳ ಪಂಪುಗಳೂ ಇವೆ. ಮಡಿಸಿದರೆ ಚಿಕ್ಕದು, ಎಳೆದರೆ ಉದ್ದ. ಉಪಾಯ ಚೆನ್ನಾಗಿದೆ, ಆದರೆ ಸೋರಲು ಒಂದು ಜಾಗ ಜಾಸ್ತಿ, ಒತ್ತಡ ಏರಿದಾಗ ಅಲ್ಲಾಡುವುದೂ ಜಾಸ್ತಿ. ಕೆಲವದರಲ್ಲಿ ಒಂದು ಸ್ವಿಚ್ ಇರುತ್ತದೆ, ಮೊದಲು ಜಾಸ್ತಿ ಗಾಳಿ, ಟಯರ್ ಗಟ್ಟಿಯಾದ ಮೇಲೆ ಕಮ್ಮಿ ಗಾಳಿ ಕಮ್ಮಿ ಬಲ. ಎರಡು ಥರದ ಸೈಕಲ್ ಇರುವವರಿಗೆ ಇದು ಉಪಯೋಗಕ್ಕೆ ಬರುತ್ತದೆ.

ಪಂಪಿನ ಬಾಯಿ

ವಾಲ್ವ್ ಮೂರು ಥರ. ಕಾರು, ಮೋಟರ್ ಬೈಕಿನಲ್ಲಿ ಇರುವ ದಪ್ಪನೆಯದು ಶ್ರೇಡರ್, ನಡುವೆ ಒಂದು ಪಿನ್ ಇರುತ್ತದೆ. ತೆಳ್ಳಗೆ, ತುದಿಯಲ್ಲಿ ಪುಟ್ಟ ತಿರುಪು ಇರುವುದು ಪ್ರೆಸ್ಟಾ. ಹಳೆಯ ಥರದ ಸಾದಾ ಸೈಕಲ್ಲುಗಳಲ್ಲಿ ಕಾಣುವುದು ಡನ್‌ಲಪ್ ಅಥವಾ ವುಡ್ಸ್ ವಾಲ್ವ್, ಇದಕ್ಕೆ ಪ್ರೆಸ್ಟಾ ಬಾಯಿಯೇ ಸಾಮಾನ್ಯವಾಗಿ ಕೂರುತ್ತದೆ. ಪ್ರೆಸ್ಟಾ ಇದ್ದವರು ತುದಿಯ ತಿರುಪು ಸಡಿಲಿಸಿ, ಒಮ್ಮೆ ಬೆರಳಲ್ಲಿ ಒತ್ತಿ ಪುಸ್ ಅನ್ನಿಸಿ ಆಮೇಲೆ ಪಂಪ್ ಹಾಕಬೇಕು. ಇಲ್ಲದಿದ್ದರೆ ಅದು ಅಂಟಿಕೊಂಡಿದ್ದು ಮೊದಲ ಹೊಡೆತವೇ ಕಲ್ಲಿನಂತಿರುತ್ತದೆ, ಪಂಪ್ ಕೆಟ್ಟಿದೆ ಅಂದುಕೊಳ್ಳುತ್ತೀರಿ.

ಬಹಳಷ್ಟು ಪಂಪುಗಳ ಬಾಯಿ ಪ್ರೆಸ್ಟಾ, ಶ್ರೇಡರ್ ಎರಡಕ್ಕೂ ಆಗುತ್ತದೆ. ಕೆಲವದರಲ್ಲಿ ಒಳಗಿನ ರಬ್ಬರ್ ತುಂಡನ್ನು ತೆಗೆದು ತಿರುಗಿಸಿ ಹಾಕಬೇಕು. ಆ ತುಂಡು ಕೈಜಾರಿ ಹುಲ್ಲಿನಲ್ಲಿ ಬಿದ್ದರೆ ಹುಡುಕುವುದು ಕಷ್ಟ. ಮನೆಯಲ್ಲೇ ಸರಿಯಾಗಿ ಹಾಕಿಟ್ಟುಕೊಂಡು ಹೊರಡಿ.

ಇದಕ್ಕಿಂತ ಮುಖ್ಯ ಪ್ರಶ್ನೆ ಬೇರೆ ಇದೆ: ಪಂಪ್ ನೇರವಾಗಿ ವಾಲ್ವಿಗೆ ಕೂರುತ್ತದೋ, ನಡುವೆ ಒಂದು ರಬ್ಬರ್ ಪೈಪ್ ಇದೆಯೋ? ಪೈಪ್ ಇರುವುದನ್ನೇ ತಗೊಳ್ಳಿ. ನೇರವಾಗಿ ಕೂರುವ ಪಂಪಿನಲ್ಲಿ ನೀವು ಒತ್ತಿದಾಗಲೆಲ್ಲ ವಾಲ್ವ್ ಆಚೀಚೆ ಅಲ್ಲಾಡುತ್ತದೆ. ಸುಸ್ತಾದಷ್ಟೂ ಕೈ ನಡುಗುತ್ತದೆ, ನಡುಗಿದಷ್ಟೂ ಅಲ್ಲಾಟ ಜಾಸ್ತಿ. ಪ್ರೆಸ್ಟಾದ ತೆಳ್ಳನೆಯ ತುದಿ ಬಾಗುತ್ತದೆ, ಇಲ್ಲವೇ ವಾಲ್ವ್ ಟ್ಯೂಬಿಗೆ ಅಂಟಿರುವ ಬುಡದಲ್ಲಿ ಹರಿಯುತ್ತದೆ. ಆ ಜಾಗದಲ್ಲಿ ಹರಿದರೆ ಪ್ಯಾಚ್ ಹಾಕಲು ಬರುವುದಿಲ್ಲ, ಟ್ಯೂಬ್ ಎಸೆಯಬೇಕಷ್ಟೇ. ಒಂದು ಪಂಕ್ಚರ್ ಸರಿಮಾಡಲು ಹೋಗಿ ಹೊಸ ಟ್ಯೂಬಿಗೇ ಕುತ್ತು. ಪೈಪ್ ಇದ್ದರೆ ಪಂಪನ್ನು ನೆಲಕ್ಕೋ ತೊಡೆಗೋ ಆನಿಸಿ ಮೈಭಾರ ಹಾಕಿ ಒತ್ತಬಹುದು, ಗೆಣ್ಣು ಚಕ್ರದ ಕಡ್ಡಿಗಳಿಗೆ ಬಡಿಯುವುದೂ ಇಲ್ಲ.

ಪೈಪಿನಲ್ಲೂ ಒಂದು ಕಿರಿಕಿರಿ ಇದೆ. ತಿರುಪಿ ಕೂರಿಸುವ ಬಾಯಿ ಇದ್ದರೆ, ಗಾಳಿ ತುಂಬಿ ಬಿಚ್ಚುವಾಗ ಪ್ರೆಸ್ಟಾ ವಾಲ್ವಿನ ಒಳಗಿನ ಕಡ್ಡಿಯೂ ಜೊತೆಗೇ ತಿರುಗಿ ಹೊರಬರುವುದುಂಟು. ಅಷ್ಟು ಹೊತ್ತು ಹೊಡೆದ ಗಾಳಿ ಎರಡು ಸೆಕೆಂಡಿನಲ್ಲಿ ಖಾಲಿ! ಆ ಕಡ್ಡಿಯನ್ನು ಮೊದಲೇ ಬಿಗಿ ಮಾಡಿಟ್ಟುಕೊಂಡರೆ ಹೀಗಾಗುವುದಿಲ್ಲ. ಅದಕ್ಕೆಂದೇ ಬೆರಳ ತುದಿಯಷ್ಟು ಸಲಕರಣೆ ಸಿಗುತ್ತದೆ. ಒತ್ತಿ ಲಿವರ್ ಎತ್ತುವ ಬಾಯಿ ಇರುವ ಪೈಪ್ ಸಿಕ್ಕಿದರೆ ಈ ತಾಪತ್ರಯವೇ ಇಲ್ಲ.

ಚೀಲದಲ್ಲೋ ಕ್ಯಾರಿಯರಿನಲ್ಲೋ ಜಾಗ ಇದ್ದವರಿಗೆ ನನ್ನ ಮೊದಲ ಆಯ್ಕೆ ಪುಟ್ಟ ಫ್ಲೋರ್ ಪಂಪ್. ಕೆಳಗೆ ಮಡಚಿ ಬಿಚ್ಚುವ ಕಾಲಿನ ಮೆಟ್ಟು, ಮೇಲೆ ಅಡ್ಡ ಹಿಡಿ, ಪಕ್ಕದಲ್ಲಿ ಪೈಪ್. ಮನೆಯ ದೊಡ್ಡ ಪಂಪಿನಂತೆ ಬಗ್ಗಿ ಮೈಭಾರದಲ್ಲೇ ಒತ್ತುವುದರಿಂದ 19 ಕೆಜಿ ಏನೂ ಅಲ್ಲ. ಸಾದಾ ಸಣ್ಣ ಪಂಪಿಗಿಂತ ಸ್ವಲ್ಪ ತೂಕ ಜಾಸ್ತಿ, ಸ್ವಲ್ಪ ಉದ್ದ ಜಾಸ್ತಿ. ರೇಸ್ ಓಡದವರು ಆ ತೂಕಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಗ್ಯಾಸ್ ಡಬ್ಬಿ, ಬ್ಯಾಟರಿ ಪಂಪ್

ಕೈಯಲ್ಲಿ ಒತ್ತುವುದೇ ಬೇಡ ಅನ್ನುವವರಿಗೆ ಕಾರ್ಬನ್ ಡೈಆಕ್ಸೈಡ್ ತುಂಬಿದ ಪುಟ್ಟ ಉಕ್ಕಿನ ಡಬ್ಬಿಗಳಿವೆ. 16 ಗ್ರಾಂ ಡಬ್ಬಿಯಲ್ಲಿರುವುದು ಹೊರಗೆ ಬಂದರೆ ಎಂಟೂವರೆ ಲೀಟರಿಗೂ ಜಾಸ್ತಿ ಗ್ಯಾಸ್. ರೋಡ್ ಟಯರಿಗೆ ಅದು ಬೇಕಾದ್ದಕ್ಕಿಂತ ಹೆಚ್ಚೇ, ಪೂರ್ತಿ ಬಿಡದೆ ನೋಡಿಕೊಂಡು ನಿಲ್ಲಿಸಬೇಕು. 5 ಲೀಟರಿನ ಮೌಂಟನ್ ಬೈಕ್ ಟಯರಿಗೆ ಅದೇ ಡಬ್ಬಿ 25 ಪಿಎಸ್‌ಐ ಹತ್ತಿರ ತಂದು ನಿಲ್ಲಿಸುತ್ತದೆ, ಅದಕ್ಕೇ ಅವರು 25 ಗ್ರಾಂನದ್ದು ಇಟ್ಟುಕೊಳ್ಳುವುದು. ಕೆಲಸ ಕೆಲವೇ ಸೆಕೆಂಡಿನದ್ದು. ಗ್ಯಾಸ್ ಒಮ್ಮೆಲೇ ಹಿಗ್ಗುವಾಗ ಡಬ್ಬಿ ಹಿಮ ಕಟ್ಟುವಷ್ಟು ತಣ್ಣಗಾಗುತ್ತದೆ, ಬರಿಗೈಯಲ್ಲಿ ಹಿಡಿದರೆ ಚರ್ಮ ಅಂಟಿಕೊಂಡು ಗಾಯವಾಗಬಹುದು. ಬಟ್ಟೆಯಲ್ಲೋ ಗ್ಲೌಸಿನಲ್ಲೋ ಹಿಡಿಯಿರಿ. ಟ್ಯೂಬಿನ ರಬ್ಬರಿನ ಮೂಲಕ ಈ ಗ್ಯಾಸ್ ಮಾಮೂಲಿ ಗಾಳಿಗಿಂತ ಬೇಗ ಹೊರಹೋಗುತ್ತದೆ. ಮಾರನೇ ದಿನ ಟಯರ್ ಮೆತ್ತಗಾದರೆ ಇನ್ನೊಂದು ಪಂಕ್ಚರ್ ಅಂತ ಗಾಬರಿಯಾಗಬೇಡಿ, ಉಳಿದ ಗ್ಯಾಸ್ ಹೊರಗೆ ಬಿಟ್ಟು ಮನೆಯ ಪಂಪಿನಲ್ಲಿ ಗಾಳಿ ತುಂಬಿ.

ದೊಡ್ಡ ಕೊರತೆ ಏನೆಂದರೆ ಡಬ್ಬಿ ಒಂದೇ ಸಲಕ್ಕೆ. ಪ್ಯಾಚ್ ಸರಿಯಾಗಿ ಕೂತಿಲ್ಲ, ಮುಳ್ಳು ಇನ್ನೂ ಟಯರಿನಲ್ಲೇ ಇದೆ, ಬಾಯಿ ಸರಿಯಾಗಿ ಕೂರದೆ ಗ್ಯಾಸ್ ಪಕ್ಕದಿಂದ ಹೋಯಿತು, ಯಾವುದಾದರೂ ಒಂದಾದರೆ ನೀವು ನಡೆಯುತ್ತಿರುತ್ತೀರಿ. ಪಂಪಿನ ಜೊತೆಗೆ ಇರಲಿ, ಪಂಪಿನ ಬದಲಿಗೆ ಬೇಡ.

ಬ್ಯಾಟರಿ ಪಂಪ್ ಈಗ ಜೇಬಿಗೆ ಹಿಡಿಸುವಷ್ಟು ಚಿಕ್ಕದಾಗಿದೆ. ಬೇಕಾದ ಒತ್ತಡ ಗುರುತಿಸಿ ಗುಂಡಿ ಒತ್ತಿದರೆ ಅಷ್ಟಾದ ಮೇಲೆ ತಾನೇ ನಿಲ್ಲುವಂಥದ್ದೂ ಸಿಗುತ್ತದೆ. ಸದ್ದು ಮಾತ್ರ ಜೋರು. ಕೈನೋವು, ಬೆನ್ನುನೋವು ಇರುವವರಿಗೆ ಇದು ನಿಜಕ್ಕೂ ದೊಡ್ಡ ಅನುಕೂಲ. ಆದರೆ ಮೇಲಿನ ಲೀಟರ್ ಲೆಕ್ಕ ಇಲ್ಲೂ ಬಿಡುವುದಿಲ್ಲ. ಒಂದು ಚಾರ್ಜಿಗೆ ಇಷ್ಟು ಟಯರ್ ಅಂತ ಬರೆದಿದ್ದರೆ ಯಾವ ಅಳತೆಯ ಟಯರ್, ಎಷ್ಟು ಒತ್ತಡಕ್ಕೆ ಅಂತ ನೋಡಿ. ತೀರಾ ಪುಟ್ಟದ್ದು ರೋಡ್ ಟಯರ್ ಒಂದೆರಡನ್ನು ತುಂಬಿ ಸುಸ್ತಾಗಬಹುದು. ಇನ್ನೊಂದು, ಗಾಳಿಯನ್ನು ಬೇಗಬೇಗ ಒತ್ತಿದರೆ ಬಿಸಿಯಾಗುತ್ತದೆ, ಈ ಪಂಪುಗಳ ಲೋಹದ ಬಾಯಿ ಕೈ ಸುಡುವಷ್ಟು ಕಾಯುತ್ತದೆ. ಈಚೆಗೆ ಬಂದಿರುವ ಪ್ಲಾಸ್ಟಿಕ್ಕಿನಂಥ ತೆಳ್ಳನೆಯ ಟಿಪಿಯು ಟ್ಯೂಬ್ ನಿಮ್ಮಲ್ಲಿದ್ದರೆ, ಅದರ ವಾಲ್ವೂ ಪ್ಲಾಸ್ಟಿಕ್ಕಿನದೇ ಆಗಿದ್ದರೆ, ನೇರವಾಗಿ ಸಿಕ್ಕಿಸಬೇಡಿ. ನಡುವೆ ಪೈಪ್ ಹಾಕಿ. ಮತ್ತೆ ಚಾರ್ಜ್ ಮಾಡಿಟ್ಟಿದ್ದೇನೆ ಅಂತ ನೆನಪಿದ್ದರೆ ಸಾಲದು, ಸುಮ್ನೆ ಚೀಲದಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದರೂ ಬ್ಯಾಟರಿ ಇಳಿಯುತ್ತದೆ.

ಇನ್ನುಳಿದ ಸಣ್ಣಪುಟ್ಟವು

ಗೇಜ್ ಬೇಕೇ? ಸಣ್ಣ ಪಂಪಿನ ಮೇಲಿನ ಗುಂಡಿಯಷ್ಟು ಗೇಜನ್ನು ಪೂರ್ತಿ ನಂಬಲು ಆಗುವುದಿಲ್ಲ. ಆದರೂ ಏನೂ ಇಲ್ಲದ್ದಕ್ಕಿಂತ ವಾಸಿ, ಮುಖ್ಯವಾಗಿ ರೋಡ್ ಟಯರಿನವರಿಗೆ, ಏಕೆಂದರೆ ಹೆಬ್ಬೆರಳಲ್ಲಿ ಒತ್ತಿ ನೋಡಿದರೆ 50 ಪಿಎಸ್‌ಐ ಇರುವುದೂ 80 ಇರುವುದೂ ಒಂದೇ ಥರ ಗಟ್ಟಿ ಅನ್ನಿಸುತ್ತದೆ. ಮೌಂಟನ್ ಬೈಕಿನವರು ಸರಿಯಾದ ಅಳತೆ ಬೇಕೆಂದರೆ ಬೇರೆಯೇ ಡಿಜಿಟಲ್ ಗೇಜ್ ಇಟ್ಟುಕೊಳ್ಳುವುದು ಒಳ್ಳೆಯದು, 20 ಪಿಎಸ್‌ಐನಲ್ಲಿ 3 ಹೆಚ್ಚುಕಮ್ಮಿಯಾದರೂ ಸವಾರಿ ಬದಲಾಗುತ್ತದೆ.

ರಸ್ತೆಯಲ್ಲಿ ಪೂರ್ತಿ ಒತ್ತಡ ಬೇಕೇ ಬೇಕು ಅಂತೇನಿಲ್ಲ. 25 ಮಿ.ಮೀ. ಟಯರಿಗೆ 4 ಬಾರ್ ಹಾಕಿಕೊಂಡು, ಗುಂಡಿ ಕಲ್ಲು ತಪ್ಪಿಸಿಕೊಂಡು ನಿಧಾನವಾಗಿ ಮನೆ ಸೇರಬಹುದು. ಆಗ ಹೊಡೆತ 130ರಿಂದ 85ಕ್ಕೆ ಇಳಿಯುತ್ತದೆ, ಬಲ 19 ಕೆಜಿಯಿಂದ 13ಕ್ಕೆ. ಇನ್ನೂ ಕಮ್ಮಿ ಮಾಡಿದರೆ ಮಾತ್ರ ಟ್ಯೂಬ್ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಜೋಡಿ ತೂತು ಬೀಳುವ ಭಯ. ಮೇಲಿನ ಮಿತಿ ಟಯರಿನ ಪಕ್ಕದಲ್ಲಿ ಬರೆದಿರುತ್ತದೆ, ರಿಮ್ಮಿಗೂ ಅದರದೇ ಮಿತಿ ಇರುತ್ತದೆ. ಎರಡರಲ್ಲಿ ಕಮ್ಮಿ ಯಾವುದೋ ಅದನ್ನು ಪಾಲಿಸಿ. ಅಂಚಿನಲ್ಲಿ ಕೊಕ್ಕೆ ಇಲ್ಲದ ಹುಕ್‌ಲೆಸ್ ರಿಮ್ಮುಗಳಿಗೆ 5 ಬಾರ್ ದಾಟುವಂತಿಲ್ಲ.

ಟ್ಯೂಬ್‌ಲೆಸ್ ಟಯರ್ ರಿಮ್ಮಿನಿಂದ ಪೂರ್ತಿ ಬಿಟ್ಟುಕೊಂಡಿದ್ದರೆ ಸಣ್ಣ ಕೈ ಪಂಪಿನಲ್ಲಿ ಮತ್ತೆ ಕೂರಿಸುವುದು ಹೆಚ್ಚಾಗಿ ಆಗದ ಕೆಲಸ. ಅದಕ್ಕೆ ಒಮ್ಮೆಲೇ ನುಗ್ಗುವ ಗಾಳಿ ಬೇಕು. ಟಯರ್ ಕೂತೇ ಇದ್ದು ತೂತಿಗೆ ಪ್ಲಗ್ ಹಾಕಿದ್ದರೆ ಇಳಿದಷ್ಟು ಗಾಳಿ ತುಂಬಲು ಪಂಪ್ ಸಾಕು. ಇನ್ನು ಸಸ್ಪೆನ್ಷನ್ನಿಗೆ ಗಾಳಿ ಹಾಕುವ ಶಾಕ್ ಪಂಪ್ ಮೇಲೆ 300 ಪಿಎಸ್‌ಐ ಅಂತ ಬರೆದಿರುವುದನ್ನು ನೋಡಿ ಅದನ್ನೇ ಟಯರಿಗೂ ಅಂತ ಯೋಚಿಸಬೇಡಿ. ಅದು ಒಂದು ಹೊಡೆತಕ್ಕೆ ತಳ್ಳುವುದು ಚಮಚದಷ್ಟು ಗಾಳಿ.

ಫ್ರೇಮಿಗೆ ಸಿಕ್ಕಿಸುವುದಾದರೆ ಬಾಯಿಗೆ ಮುಚ್ಚಳ ಇರುವ ಪಂಪ್ ನೋಡಿ. ಚಕ್ರ ಎರಚುವ ಕೆಸರು, ಧೂಳು ಹೋಗಿ ಕೂರುವುದು ಅಲ್ಲೇ. ಬರೀ ಪ್ಲಾಸ್ಟಿಕ್ ಕ್ಲಿಪ್ಪನ್ನು ನಂಬದೆ ಒಂದು ಪಟ್ಟಿಯನ್ನೂ ಕಟ್ಟಿ, ಕೆಟ್ಟ ರಸ್ತೆಯಲ್ಲಿ ಅದು ಹಾರಿ ಬೀಳುವುದು ನಿಮಗೆ ಗೊತ್ತಾಗುವುದೇ ಇಲ್ಲ. ವರ್ಷಕ್ಕೊಮ್ಮೆಯಾದರೂ ಕೊಳವೆ ಬಿಚ್ಚಿ, ಒಳಗೆ ಒರೆಸಿ, ಪಿಸ್ಟನ್ನಿನ ರಬ್ಬರ್ ರಿಂಗಿಗೆ ಸ್ವಲ್ಪ ಸಿಲಿಕೋನ್ ಗ್ರೀಸ್ ಹಚ್ಚಿ. ಹಿಡಿ ಹಗುರವಾಗಿ ಓಡಾಡುತ್ತದೆ ಆದರೆ ಗಾಳಿ ಹೋಗುತ್ತಿಲ್ಲ ಅಂದರೆ ಹೆಚ್ಚಿನ ಸಲ ಆ ರಿಂಗು ಒಣಗಿರುತ್ತದೆ, ಅಷ್ಟಕ್ಕೇ ಪಂಪ್ ಎಸೆಯಬೇಕಾಗಿಲ್ಲ.

ಕೊಂಡು ತಂದ ದಿನವೇ ಮನೆಯಲ್ಲಿ ಹಿಂದಿನ ಟಯರಿನ ಗಾಳಿ ಪೂರ್ತಿ ಬಿಟ್ಟು ಇದೇ ಪಂಪಿನಲ್ಲಿ ನಿಮಗೆ ಬೇಕಾದ ಒತ್ತಡದ ತನಕ ತುಂಬಿ ನೋಡಿ. ಬಾಯಿ ವಾಲ್ವಿಗೆ ಸರಿಯಾಗಿ ಕೂರುತ್ತದೆಯೇ, ಆಳದ ರಿಮ್ ಇದ್ದರೆ ವಾಲ್ವ್ ಸಾಕಷ್ಟು ಹೊರಗೆ ಬಂದಿದೆಯೇ, ಕೊನೆಯ ಇಪ್ಪತ್ತು ಹೊಡೆತದಲ್ಲಿ ಹಿಡಿ ಅಂಗೈಗೆ ಒತ್ತುತ್ತದೆಯೇ, ಎಲ್ಲ ಅಲ್ಲೇ ತಿಳಿಯುತ್ತದೆ. ಸರಿಹೋಗದಿದ್ದರೆ ಡಬ್ಬಿ, ಬಿಲ್ಲು ಇನ್ನೂ ಕೈಯಲ್ಲೇ ಇರುತ್ತವೆ, ಬದಲಾಯಿಸಿಕೊಂಡು ಬರಬಹುದು.